‘ಆಲ್ವೇಸ್ ಆನ್ ಮೈ ಮೈಂಡ್’: ವಿಲ್ಲಿ ನೆಲ್ಸನ್ ಧಾಟಿಯಲ್ಲಿ ಹಾಡುವುದು ಹೇಗೆ

ಈ ಹಾಡನ್ನು 1972ರಲ್ಲೇ ಬ್ರೆಂಡಾ ಲೀ, ಎಲ್ವಿಸ್ ಪ್ರೀಸ್ಲಿ ಇಬ್ಬರೂ ಹಾಡಿದ್ದರು. 1982ರಲ್ಲಿ ಟೆಕ್ಸಾಸ್‌ನ ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ ಹಾಡಿದಾಗ ಅದು ಪಕ್ಕದಲ್ಲಿ ಕೂತು ತಪ್ಪೊಪ್ಪಿಕೊಂಡ ಹಾಗೆ ಕೇಳಿಸಿತು. ಗುಟ್ಟು ಇಷ್ಟೇ: ಹಿಮ್ಮೇಳ ತಾಳ ಬಿಡುವುದಿಲ್ಲ, ದನಿ ಮಾತ್ರ ತುಸು ತಡವಾಗಿ ಬರುತ್ತದೆ.

ಮೊದಲು ಗಿಟಾರ್. ಎರಡನೇ ಫ್ರೆಟ್‌ಗೆ (ಗಿಟಾರ್ ಕತ್ತಿನ ಅಡ್ಡಪಟ್ಟಿಗೆ) ಕೇಪೊ, ಅಂದರೆ ತಂತಿಗಳನ್ನೆಲ್ಲ ಒತ್ತಿ ಶ್ರುತಿ ಏರಿಸುವ ಕ್ಲಿಪ್ ಹಾಕಿ, ಸಿ ಮೇಜರ್ ಕಾರ್ಡ್‌ಗಳನ್ನು ಹಿಡಿಯಿರಿ. ಕೇಳಿಸುವುದು ಡಿ ಮೇಜರ್. ಕ್ರಮ ಹೀಗೆ: ಸಿ, ಬಿ ಬೇಸ್ (ಕಾರ್ಡ್‌ನ ಅತಿ ಕೆಳಗಿನ ಸ್ವರ) ಇರುವ ಜಿ, ಎ ಮೈನರ್, ಜಿ ಬೇಸ್ ಇರುವ ಸಿ, ಎಫ್, ಜಿ. ಒಂದೊಂದಕ್ಕೂ ಎರಡೆರಡು ಎಣಿಕೆ. ಹೆಬ್ಬೆರಳು ಮೀಟುವ ಬೇಸ್ ಗಮನಿಸಿ: ಐದನೇ ತಂತಿಯಲ್ಲಿ ಕೇಪೊದಿಂದ ಮೂರನೇ ಫ್ರೆಟ್, ಎರಡನೇ ಫ್ರೆಟ್, ಬಿಟ್ಟ ತಂತಿ, ಆಮೇಲೆ ಆರನೇ ತಂತಿಯಲ್ಲಿ ಮೂರು, ಒಂದು. ಹಾಡಿನ ಪಶ್ಚಾತ್ತಾಪವೆಲ್ಲ ಈ ಮೆಟ್ಟಿಲಿಳಿಯುವ ಬೇಸ್‌ನಲ್ಲಿದೆ. ಬರೀ ಸಿ, ಎ ಮೈನರ್, ಎಫ್ ಬಾರಿಸಿದರೆ ಹಾಡು ಸಪ್ಪೆಯಾಗುತ್ತದೆ. ನೆಲ್ಸನ್ ಅವರ ‘ಟ್ರಿಗರ್’ ಎಂಬ ಗಿಟಾರ್ ನೈಲಾನ್ ತಂತಿಯ ಮಾರ್ಟಿನ್ ಎನ್-20. ನಿಮ್ಮದು ಸ್ಟೀಲ್ ತಂತಿಯದಾದರೆ ಪಿಕ್ ಬದಿಗಿಡಿ, ಬೆರಳಿನ ಮಾಂಸದಿಂದಲೇ ಮೀಟಿ. ಇಲ್ಲದಿದ್ದರೆ ತಂತಿಯ ಚುರುಕು ಮೆಲುದನಿಯನ್ನು ಮುಚ್ಚಿಹಾಕುತ್ತದೆ.

ಶ್ರುತಿ ಆರಿಸುವಾಗ ಪಲ್ಲವಿಯ ಅತಿ ಎತ್ತರದ ಸ್ವರವನ್ನು ಮಾತಾಡುವಷ್ಟೇ ದನಿಯಲ್ಲಿ ಹಾಡಿ ನೋಡಿ. ಕಿರುಚಬೇಕಾಗಿ ಬಂದರೆ ಜಿ ಮೇಜರ್ ಕಾರ್ಡ್‌ಗಳಿಗೆ ಇಳಿದು, ಕೇಪೊವನ್ನು 2 ಅಥವಾ 4ರಲ್ಲಿಡಿ.

ಇನ್ನು ಕಷ್ಟದ ಭಾಗ. ತಾಳ ಎಣಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 72 ಎಣಿಕೆಗೆ ಇಟ್ಟು, ಕಾಲಲ್ಲಿ ತಾಳ ಹಾಕುತ್ತಾ ಸಾಹಿತ್ಯವನ್ನು ಸುಮ್ಮನೆ ಮಾತಿನಂತೆ ಹೇಳಿ. ಆಮೇಲೆ ಪ್ರತಿ ಸಾಲನ್ನೂ ಅರ್ಧ ಎಣಿಕೆ ತಡವಾಗಿ ಎತ್ತಿಕೊಂಡು, ಸಾಲಿನ ಕೊನೆಯ ಪದಗಳನ್ನು ಒತ್ತೊತ್ತಾಗಿ ಸೇರಿಸಿ, ಜಿ ಕಾರ್ಡ್ ಮುಗಿಯುವಷ್ಟರಲ್ಲಿ ತಾಳಕ್ಕೆ ಮರಳಿ. ಕರ್ನಾಟಕ ಸಂಗೀತದ ಅನಾಗತ ಎಡುಪು (ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವುದು) ಬಲ್ಲವರಿಗೆ ಇದು ಬೇಗ ಹಿಡಿಸುತ್ತದೆ. ಆದರೆ ಅಲ್ಲಿ ಜಾಗ ನಿಗದಿ, ಇಲ್ಲಿ ಸಾಲು ಸಾಲಿಗೂ ಬೇರೆ. ಹೆಚ್ಚಿನವರು ಎಡವುವುದು ಇಲ್ಲೇ: ದನಿ ತಡವಾದಾಗ ಕೈಯೂ ನಿಧಾನವಾಗುತ್ತದೆ. ಆಗ ಹಾಡು ಜೋತುಬೀಳುತ್ತದೆ, ಏಕೆಂದರೆ ಗಿಟಾರ್ ನೇರವಾಗಿ ನಡೆದರೆ ಮಾತ್ರ ದನಿಯ ಹಿಂಜರಿಕೆ ಕೇಳುಗರಿಗೆ ತಿಳಿಯುವುದು. ಬರೀ ಗಿಟಾರ್ ರೆಕಾರ್ಡ್ ಮಾಡಿಕೊಂಡು ಅದರ ಮೇಲೆ ಹಾಡಿ ಅಭ್ಯಾಸ ಮಾಡಿ.

ಗಮಕ, ಬಿರ್ಕಾ (ವೇಗದ ಸ್ವರಗಳ ಓಟ) ಬೇಡ. ಸ್ವರದ ತುದಿಯಲ್ಲಿ ಸಣ್ಣ ಕಂಪನ ಸಾಕು. ಟೆಕ್ಸಾಸ್ ಉಚ್ಚಾರವನ್ನೂ ಅನುಕರಿಸಬೇಡಿ; ಕ್ಷಮೆ ಕೇಳುವವರ ಬಾಯಲ್ಲಿ ಎರವಲು ದನಿ ಸುಳ್ಳಾಗಿ ಕೇಳುತ್ತದೆ.

ಮೈಕ್ ಬಾಯಿಂದ ಒಂದು ಗೇಣು ದೂರವಿರಲಿ. ತೀರಾ ಹತ್ತಿರವಾದರೆ ಕೆಳಸ್ವರಗಳು ಊದಿಕೊಂಡು ಪದ ಮಸುಕಾಗುತ್ತದೆ. ಗಿಟಾರ್‌ಗೆ ಇನ್ನೊಂದು ಮೈಕ್ ಇದ್ದರೆ ಅದನ್ನು ಹನ್ನೆರಡನೇ ಫ್ರೆಟ್ ಕಡೆಗೆ ತಿರುಗಿಸಿ, ಗಿಟಾರ್‌ನ ತೂತಿನ ಕಡೆಗಲ್ಲ. ಕೊನೆಯ ಸಿ ಕಾರ್ಡ್ ಅನ್ನು ಹೆಬ್ಬೆರಳಿಂದ ಒಮ್ಮೆ ಸವರಿ ಬಿಡಿ, ತಂತಿ ತಾನಾಗಿ ಅಡಗುವವರೆಗೆ ರೆಕಾರ್ಡಿಂಗ್ ನಿಲ್ಲಿಸಬೇಡಿ.