ಹಳ್ಳಿಯ ಮನೆಗೆ ಬೀಗರನ್ನು ಕರೆಯುವ ಮುನ್ನ, ಕರೆದ ಮೇಲೆ

ಗದಗ ಜಿಲ್ಲೆಯ ಎರೆಸೀಮೆಯಲ್ಲಿರುವ ನಮ್ಮ ಹಿರಿಯರ ಮನೆಗೆ ಬೆಂಗಳೂರು, ಪುಣೆ ಮತ್ತು ಒಮ್ಮೊಮ್ಮೆ ಹೊರದೇಶದಿಂದಲೂ ವರ್ಷಕ್ಕೆ ಮೂರು ನಾಲ್ಕು ಸಲ ಬೀಗರೂ ಗೆಳೆಯರೂ ಬಂದು ಇಳಿದುಕೊಳ್ಳುತ್ತಾರೆ. ಇಷ್ಟು ವರ್ಷ ಅವರನ್ನು ನೋಡಿಕೊಂಡ ಮೇಲೆ ನನಗೆ ತಿಳಿದದ್ದು ಇಷ್ಟು: ಮನೆಯಲ್ಲಿ ಇಲ್ಲದ್ದನ್ನು ಮೊದಲೇ ಹೇಳಿಬಿಟ್ಟರೆ ಯಾರೂ ಬೇಸರಪಡುವುದಿಲ್ಲ, ಬಂದಿಳಿದ ಮೇಲೆ ಗೊತ್ತಾದರೆ ಒಂದು ಬಕೆಟ್ ನೀರೂ ದೊಡ್ಡ ಮಾತಾಗುತ್ತದೆ. ನಮ್ಮ ಭಾಗದಲ್ಲಿ ಬರುವವರಿಗೆ ಕೊರತೆಗಳನ್ನು ಹೇಳುವುದು ಮರ್ಯಾದೆಗೆ ಕಡಿಮೆ ಎಂದು ತಿಳಿಯುವವರೇ ಹೆಚ್ಚು. ಆ ಸಂಕೋಚವನ್ನು ಬಿಡುವುದೇ ಸಿದ್ಧತೆಯ ಮೊದಲ ಕೆಲಸ.

ಕರೆಯುವ ಕಾಲವನ್ನು ನೀವೇ ಆರಿಸಿ. ಕಾರ್ತಿಕ ಮುಗಿದು ಚಳಿ ಹಿಡಿದ ಮೇಲೆ, ಅಂದರೆ ನವೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ, ಹೊಲದಲ್ಲಿ ಬಿಳಿಜೋಳ ನಿಂತಿರುತ್ತದೆ, ಹಸಿ ಕಡಲೆ ಕೈಗೆ ಸಿಗುತ್ತದೆ, ಹಗಲಿನ ಬಿಸಿಲು ಮೈಗೆ ಹಿತವಾಗಿರುತ್ತದೆ. ಎಳ್ಳ ಅಮಾವಾಸ್ಯೆಗೆ ಹೊಂದಿಸಿಕೊಂಡು ಕರೆದರೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದನ್ನು, ಅಂದರೆ ಭೂತಾಯಿಗೆಂದು ಅಡುಗೆಯನ್ನು ಬೆಳೆಯ ಮೇಲೆ ಎರಚುವುದನ್ನು, ಮಕ್ಕಳು ನೋಡಬಹುದು, ಅದು ಕಳೆದು ಕೆಲವು ದಿನಗಳಿಗೆ ಸೀತನಿಯೂ, ಅಂದರೆ ಸುಟ್ಟ ಎಳೆ ಜೋಳದ ಕಾಳೂ, ಸಿಗುತ್ತದೆ. ಮಾರ್ಚ್ ನಂತರ ಕರೆಯುವುದಾದರೆ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಹೊರಗೆ ಕಾಲಿಡುವಂತಿಲ್ಲ ಎಂದು ತಿಳಿಸಿಯೇ ಕರೆಯಿರಿ. ಮಳೆಗಾಲದ ವಿಷಯವನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. ಒಂದು ಸೆಪ್ಟೆಂಬರಿನಲ್ಲಿ ಹೊಲ ನೋಡಬೇಕೆಂದ ಗೆಳೆಯರನ್ನು ಅವರ ಕಾರಿನಲ್ಲಿಯೇ ಬಂಡಿದಾರಿಗೆ ಇಳಿಸಿದೆ. ಅರ್ಧ ತಾಸಿನ ಮಳೆಗೆ ಎರೆ ಮಣ್ಣು ಗಾಲಿಗಳಿಗೆ ರೊಟ್ಟಿಯ ಹಿಟ್ಟಿನಂತೆ ಮೆತ್ತಿಕೊಂಡು, ಕೊನೆಗೆ ಪಕ್ಕದ ಹೊಲದವರ ಟ್ರ್ಯಾಕ್ಟರ್ ಬಂದು ಎಳೆಯುವಷ್ಟರಲ್ಲಿ ಕತ್ತಲಾಗಿತ್ತು. ಅಂದಿನಿಂದ ಮಳೆಗಾಲದಲ್ಲಿ ಕಾರು ಡಾಂಬರು ರಸ್ತೆಯ ಅಂಚಿನಲ್ಲಿಯೇ ನಿಲ್ಲುತ್ತದೆ, ಮುಂದೆ ಬರಿಗಾಲಿನ ನಡಿಗೆ.

ಎಷ್ಟು ದಿನ ಇರುತ್ತೀರಿ ಎಂದು ಕೇಳುವುದು ನಮ್ಮಲ್ಲಿ ಹೊರಗೆ ಹೋಗಿ ಎಂದಂತೆ ಕೇಳಿಸುತ್ತದೆ. ನಾನು ಕಂಡುಕೊಂಡ ಉಪಾಯವೆಂದರೆ, ಹಿಂದಿರುಗುವ ರೈಲಿನ ಟಿಕೆಟ್ಟನ್ನು ನಾನೇ ನೋಡಿ ಕಾಯ್ದಿರಿಸಲೇ ಎಂದು ಕೇಳುವುದು. ಉಪಕಾರವೂ ಆಗುತ್ತದೆ, ತಾರೀಖೂ ಗೊತ್ತಾಗುತ್ತದೆ. ಮೂರು ರಾತ್ರಿ ಎರಡೂ ಕಡೆಯವರಿಗೆ ಹಿತವಾದ ಅವಧಿ. ಐದು ರಾತ್ರಿ ದಾಟಿದರೆ ಅಡುಗೆಮನೆಯವರ ಮುಖ ನೋಡಿಯೇ ತಿಳಿಯುತ್ತದೆ.

ದಾರಿಯನ್ನು ಬರೆದು ಕಳುಹಿಸಿ. ಬೆಂಗಳೂರಿನಿಂದ ಬರುವವರಲ್ಲಿ ಹೆಚ್ಚಿನವರು ಹುಬ್ಬಳ್ಳಿಯಲ್ಲಿ ಇಳಿಯುತ್ತಾರೆ. 2023ರ ಜೂನ್‌ನಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಆರಂಭವಾದ ಮೇಲೆ ಹಗಲಿನಲ್ಲಿ ಬರುವುದು ವಯಸ್ಸಾದವರಿಗೂ ಸುಲಭವಾಗಿದೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಒಂದು ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದ್ದು ಜಗತ್ತಿನಲ್ಲಿಯೇ ಅತಿ ಉದ್ದವೆಂದು ಹೆಸರಾಗಿದೆ, ಆದ್ದರಿಂದ ಪ್ಲಾಟ್‌ಫಾರ್ಮಿನ ಮೇಲೆ ಸಿಗೋಣ ಎಂಬ ಮಾತಿಗೆ ಅಲ್ಲಿ ಅರ್ಥವಿಲ್ಲ. ಮುಖ್ಯ ದ್ವಾರದ ಹೊರಗೆ ನಿಲ್ಲುತ್ತೇನೆ ಎಂದು ಹೇಳಿ, ಹೇಳಿದಲ್ಲಿಯೇ ನಿಲ್ಲಿ. ಅಲ್ಲಿಂದ ಗದಗಕ್ಕೆ ಸುಮಾರು 60 ಕಿ.ಮೀ. ರಸ್ತೆ. ನಮ್ಮೂರಿನ ಕ್ರಾಸಿನಿಂದ ಮನೆಯವರೆಗಿನ ಕೊನೆಯ ದಾರಿಯನ್ನು ಫೋನಿನ ನಕ್ಷೆಗೆ ಬಿಡದೆ, ಬೇವಿನ ಮರ, ಗುಡಿಯ ಕಟ್ಟೆ, ಹಾಲಿನ ಡೇರಿ ಎಂದು ಗುರುತು ಹೇಳಿದರೆ ಯಾರೂ ತಪ್ಪುವುದಿಲ್ಲ.

ಈಗ ನೀರು. ಇಡೀ ಸಿದ್ಧತೆಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಬೇರೊಂದಿಲ್ಲ. ನಮ್ಮೂರಿನಲ್ಲಿ ನಳದ ನೀರು ವಾರಕ್ಕೊಮ್ಮೆ ಬಂದರೆ ಅದು ಒಳ್ಳೆಯ ವಾರ. ಸ್ನಾನ, ಶೌಚ, ಪಾತ್ರೆ, ಬಟ್ಟೆ ಎಲ್ಲವನ್ನೂ ಸೇರಿಸಿ, ಬಿಗಿಯಾಗಿ ಬಳಸಿದರೂ, ತಲೆಗೆ ದಿನಕ್ಕೆ 70 ಲೀಟರ್ ಹಿಡಿಯಿರಿ. ಮನೆಯವರು ನಾಲ್ಕು, ಬಂದವರು ಆರು ಎಂದರೆ ದಿನಕ್ಕೆ 700 ಲೀಟರ್. ಮಾಳಿಗೆಯ ಮೇಲಿನ 1,000 ಲೀಟರಿನ ಟ್ಯಾಂಕು ಮರುದಿನ ಮಧ್ಯಾಹ್ನಕ್ಕೆಲ್ಲ ಬರಿದಾಗುತ್ತದೆ. ಆದ್ದರಿಂದ ಬರುವ ತಾರೀಖನ್ನು ನೀರು ಬಿಡುವ ದಿನದ ಮರುದಿನಕ್ಕೆ ಹೊಂದಿಸಿ, ಹಿತ್ತಿಲಿನ ನೀರಿನ ಹೌದನ್ನು ಮೊದಲೇ ತೊಳೆದು ತುಂಬಿಸಿ, ಬೇಕಾದರೆ ಟ್ಯಾಂಕರಿನವರಿಗೆ ಎರಡು ದಿನ ಮುಂಚೆ ಹೇಳಿಡಿ. ಕುಡಿಯುವ ನೀರನ್ನು ಊರಿನ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನುಗಳಲ್ಲಿ ತಂದು ಪಡಸಾಲೆಯಲ್ಲಿಯೇ ಇಡಿ, ಬಂದವರು ಕೇಳುವಂತಾಗಬಾರದು. ಬಚ್ಚಲಿನಲ್ಲಿ ಶವರ್ ಇದ್ದರೂ ಅದನ್ನು ಬಂದ್ ಮಾಡಿ ಬಕೆಟ್ ಮತ್ತು ತಂಬಿಗೆ ಇಡುವುದು ಒಳ್ಳೆಯದು. ತಾಮ್ರದ ಹಂಡೆಯಲ್ಲಿ ಕಾಯಿಸಿದ ನೀರಿನ ಹೊಗೆವಾಸನೆಯ ಸ್ನಾನವನ್ನು ನಗರದವರು ಮನೆಗೆ ಹೋದ ಮೇಲೂ ನೆನೆಯುತ್ತಾರೆ, ಆದ್ದರಿಂದ ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಶೌಚಾಲಯ ಮನೆಯ ಹಿಂದಿದ್ದರೆ ಅದನ್ನೂ ಹೇಳಿ. ಮೊಣಕಾಲು ನೋವಿನವರು ಬರುವುದಾದರೆ ಔಷಧದ ಅಂಗಡಿಗಳಲ್ಲಿ ಸಿಗುವ ಕಮೋಡ್ ಕುರ್ಚಿಯೊಂದನ್ನು ತಂದಿಡಿ. ರಾತ್ರಿ ಅಲ್ಲಿಗೆ ಹೋಗುವ ದಾರಿಯಲ್ಲಿ ಚಾರ್ಜಿನ ಬಲ್ಬೊಂದು ಉರಿಯುತ್ತಿರಲಿ, ಬಾಗಿಲ ಬಳಿ ಬ್ಯಾಟರಿ ಇರಲಿ. ಹೊರಗೆ ಬಿಟ್ಟ ಚಪ್ಪಲಿಯನ್ನು ಕೊಡವಿ ಹಾಕಿಕೊಳ್ಳಬೇಕೆಂದು ಮಕ್ಕಳಿಗೆ ಮೊದಲ ಸಂಜೆಯೇ ಹೇಳಿ, ಏಕೆಂದರೆ ಚೇಳಿಗೆ ಬೀಗರ ಮಕ್ಕಳು ಎಂಬ ದಾಕ್ಷಿಣ್ಯವಿಲ್ಲ. ಹಾವು ಕಚ್ಚಿದರೆ ಮಂತ್ರ, ಬೇರು ಎಂದು ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ ನೇರವಾಗಿ ಜಿಲ್ಲಾ ಆಸ್ಪತ್ರೆಗೆ ಹೋಗಬೇಕೆಂಬುದು ಮನೆಯ ಎಲ್ಲರಿಗೂ ಗೊತ್ತಿರಲಿ. ಬಾವಿಗೆ ಜಾಲರಿ ಇಲ್ಲದಿದ್ದರೆ ಅವರು ಬರುವ ಮುಂಚೆ ಹಾಕಿಸಿ.

ಹಾಸಿಗೆಗೆ ಮಂಚಗಳನ್ನು ಎರವಲು ತರುವ ಗೋಜು ಬೇಡ. ಪಡಸಾಲೆಯಲ್ಲಿ ಜಮಖಾನ ಹಾಸಿ ಅದರ ಮೇಲೆ ಗಾದಿ ಹಾಕಿದರೆ ಎಂಟು ಜನ ಮಲಗಬಹುದು. ಪೆಟ್ಟಿಗೆಯಲ್ಲಿ ವರ್ಷವಿಡೀ ಮಡಿಚಿಟ್ಟ ಕೌದಿಗಳನ್ನು ಎರಡು ದಿನ ಮುಂಚೆ ಮಾಳಿಗೆಯ ಬಿಸಿಲಿಗೆ ಹರವಿ, ಮಧ್ಯಾಹ್ನ ಒಮ್ಮೆ ಮಗ್ಗುಲು ತಿರುಗಿಸಿ, ಕೋಲಿನಿಂದ ಬಡಿದು ಒಳಗೆ ತನ್ನಿ. ಅಜ್ಜಿಯ ಇಳಕಲ್ಲ ಸೀರೆಯ ತುಂಡು ಯಾವ ಕೌದಿಯಲ್ಲಿದೆ ಎಂದು ತೋರಿಸಿದರೆ ಹುಡುಕುತ್ತ ಕೂರುವ ಮಕ್ಕಳನ್ನು ನಾನು ನೋಡಿದ್ದೇನೆ. ಸೊಳ್ಳೆ ಪರದೆ ಮಾತ್ರ ತಲೆಗೊಂದು ಇರಲೇಬೇಕು. ದನ ಕಟ್ಟುವ ಮನೆಯಾದರೆ ಇದರಲ್ಲಿ ರಾಜಿ ಇಲ್ಲ.

ಅಡುಗೆಯ ವಿಷಯದಲ್ಲಿ ಗಂಡಸರು ಓದಬೇಕಾದ ಮಾತೊಂದಿದೆ. ಹತ್ತು ಜನರಿಗೆ ಹೊತ್ತಿಗೆ ಎರಡರಂತೆ ಎಂದರೂ ಒಂದು ಊಟಕ್ಕೆ ಇಪ್ಪತ್ತು ರೊಟ್ಟಿ ಬೇಕು, ದಿನಕ್ಕೆ ನಲವತ್ತು. ನಮ್ಮ ಮನೆಯ ಕೈಗೆ ಒಂದು ಕಿಲೊ ಜೋಳದ ಹಿಟ್ಟಿಗೆ ಹದಿನೈದರಷ್ಟು ರೊಟ್ಟಿ ಬರುತ್ತವೆ. ಇಷ್ಟನ್ನೂ ಒಬ್ಬಳೇ ಒಲೆಯ ಮುಂದೆ ಕೂತು ಬಡಿಯುತ್ತಿದ್ದರೆ ಆಕೆ ತನ್ನ ತವರಿನವರೊಡನೆ ನಾಲ್ಕು ಮಾತಾಡುವುದು ಯಾವಾಗ? ಊರಿನಲ್ಲಿ ರೊಟ್ಟಿ ಬಡಿದು ಕೊಡುವ ಹೆಣ್ಣುಮಕ್ಕಳಿಗೆ ಕೂಲಿ ಕೊಟ್ಟು ನಾಲ್ಕು ದಿನ ಮುಂಚೆಯೇ ನೂರು ಕಟಕ (ಒಣಗಿಸಿದ ಗರಿಗರಿ) ರೊಟ್ಟಿ ಮಾಡಿಸಿಡಿ. ಬಿಸಿರೊಟ್ಟಿ ರಾತ್ರಿ ಊಟಕ್ಕೆ ಮಾತ್ರ ಇರಲಿ. ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳನ್ನು ಹಿಂದಿನ ವಾರವೇ ಕುಟ್ಟಿಡಬಹುದು. ನೀರು ತುಂಬುವುದು, ಹಾಸಿಗೆ ಹಾಸುವುದು, ಚಹಾ ಕಾಯಿಸುವುದು ಗಂಡಸರ ಪಾಲಿಗೆ ಬರಲಿ.

ಬಂದ ದಿನವೇ ಹೋಳಿಗೆ ಮಾಡಬೇಡಿ. ರಾತ್ರಿಯೆಲ್ಲ ಪ್ರಯಾಣ ಮಾಡಿದ ಹೊಟ್ಟೆಗೆ ಅನ್ನ, ತೊಗರಿಬೇಳೆಯ ಸಾರು, ಮಜ್ಜಿಗೆ ಸಾಕು. ನಮ್ಮ ಖಾರ ನಮಗೆ ಖಾರವೆನಿಸುವುದಿಲ್ಲ ಎಂಬುದನ್ನು ನೆನಪಿಡಿ: ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಕಟುವಲ್ಲ; ಆದರೆ ಅದರೊಡನೆ ಗುಂಟೂರಿನದನ್ನು ಬೆರೆಸಿ ಕುಟ್ಟಿದ ಪುಡಿಯನ್ನು ಎಣ್ಣೆಗಾಯಿಗೆ ಹಾಕಿದರೆ ಮಂಗಳೂರಿನ ಅಳಿಯನ ಕಣ್ಣಲ್ಲಿ ನೀರು ಬರುತ್ತದೆ. ಬೆಣ್ಣೆಯನ್ನೂ ಗಟ್ಟಿ ಮೊಸರನ್ನೂ ಎಲೆಯ ಪಕ್ಕದಲ್ಲಿಯೇ ಇಡಿ. ಜೋಳ ರೂಢಿಯಿಲ್ಲದವರಿಗೆ ಎರಡೂ ಹೊತ್ತು ರೊಟ್ಟಿ ಒತ್ತಾಯಿಸಬೇಡಿ, ಒಂದು ಹೊತ್ತು ಚಪಾತಿ ಇರಲಿ.

ಎರಡನೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಕರೆದೊಯ್ಯಿರಿ. ಬಿಳಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಎಣ್ಣೆಗಾಯಿ, ಜುಣಕದ ವಡೆ, ಕೆಂಪು ಮೆಣಸಿನಕಾಯಿಯ ರಂಜಕ, ಗಡಿಗೆಯಲ್ಲಿ ಮೊಸರು, ಕೈಯಲ್ಲಿ ಗುದ್ದಿ ಒಡೆದ ಉಳ್ಳಾಗಡ್ಡಿ, ತೊಳೆದ ಹಸಿ ಮೆಂತ್ಯದ ಸೊಪ್ಪು. ತಟ್ಟೆಗಳನ್ನು ಒಯ್ಯಬೇಡಿ, ರೊಟ್ಟಿಯನ್ನೇ ಅಂಗೈಯ ಮೇಲಿಟ್ಟುಕೊಂಡು ಅದರ ಮೇಲೆ ಪಲ್ಯ ಹಾಕಿಸಿಕೊಳ್ಳುವುದನ್ನು ತೋರಿಸಿಕೊಡಿ. ಸೀತನಿಯ ಕಾಲವಾಗಿದ್ದರೆ, ಹಾಲುಗಾಳಿನ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ತಿರುಗಿಸುತ್ತ ಸುಟ್ಟು, ಬಿಸಿಯಿರುವಾಗಲೇ ಬಟ್ಟೆಯಲ್ಲಿ ಹಾಕಿ ಬಡಿದು, ಊದಿ ಹೊಟ್ಟು ಹಾರಿಸಿ, ಬೆಲ್ಲ ಮತ್ತು ಶೇಂಗಾ ಚಟ್ನಿಯೊಡನೆ ಕೊಡಿ. ಕೆಂಡದ ಬಳಿ ಮಕ್ಕಳನ್ನು ಗಾಳಿ ಬೀಸುವ ದಿಕ್ಕಿನ ಕಡೆ ಕೂರಿಸಬೇಡಿ.

ತಿರುಗಾಟವನ್ನು ದಿನಕ್ಕೆ ಒಂದೇ ಕಡೆಗೆ ಮಿತಿಗೊಳಿಸಿ. ಗದಗದಿಂದ ಹನ್ನೆರಡು ಕಿ.ಮೀ. ದೂರದ ಲಕ್ಕುಂಡಿಗೆ ಬೆಳಿಗ್ಗೆ ಏಳಕ್ಕೆ ಮುಟ್ಟಿದರೆ ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡದ ಕೆತ್ತನೆಯ ಮೇಲೆ ಓರೆ ಬಿಸಿಲು ಬೀಳುವುದನ್ನು ನೋಡಬಹುದು. ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯವನ್ನೂ ಮುಸುಕಿನ ಬಾವಿಯನ್ನೂ ನೋಡಿ ಬಿಸಿಲೇರುವ ಮುನ್ನ ಮನೆಗೆ ಮರಳಬಹುದು. ಚಳಿಗಾಲದಲ್ಲಿ ಬಂದವರಿಗೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯನ್ನು ತೋರಿಸಿ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ; 2024ರಲ್ಲಿ ಆ ಕೆರೆ ಜಾಗತಿಕ ಮಹತ್ವದ ಜೌಗುನೆಲಗಳಾದ ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು. ದುರ್ಬೀನು ಒಯ್ಯಿರಿ, ದಂಡೆಯಲ್ಲಿ ಗದ್ದಲ ಮಾಡಬೇಡಿ. ಒಂದೇ ದಿನದಲ್ಲಿ ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರ ಮೂರನ್ನೂ ಮುಗಿಸುವ ಉತ್ಸಾಹಿಗಳಿಗೆ ಸಂಜೆ ಗಿರಮಿಟ್ಟು ಮಿರ್ಚಿ ತಿನ್ನುವ ಶಕ್ತಿಯೂ ಉಳಿಯುವುದಿಲ್ಲ.

ಊರಿನವರ ಕರೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಓಣಿಯಲ್ಲಿ ಹೊಸಬರು ಕಂಡೊಡನೆ ಚಹಾಕ್ಕೆ ಬರ್ರಿ ಎಂಬ ಮಾತು ಬರುತ್ತದೆ, ಒಂದು ಮನೆಗೆ ಹೋಗಿ ಇನ್ನೊಂದನ್ನು ಬಿಟ್ಟರೆ ಆ ಸಿಟ್ಟು ನಿಮ್ಮ ಮೇಲೆ ಮುಂದಿನ ಜಾತ್ರೆಯವರೆಗೆ ಇರುತ್ತದೆ. ಒಂದು ಸಂಜೆಯನ್ನು ಅದಕ್ಕೆಂದೇ ತೆಗೆದಿಟ್ಟು, ಆರು ಮನೆಯಲ್ಲಿ ಆರು ಕಪ್ಪು ಸಿಹಿ ಚಹಾ ಕುಡಿಯಬೇಕಾದೀತೆಂದು ಬಂದವರಿಗೆ ತಿಳಿಸಿ. ಸಕ್ಕರೆ ಕಾಯಿಲೆಯವರಿದ್ದರೆ ಆ ಮನೆಗಳಿಗೆ ಮೊದಲೇ ಹೇಳಿ ಕಳುಹಿಸಿ.

ಏನು ತರಲಿ ಎಂದು ಕೇಳಿದವರಿಗೆ ಏನೂ ಬೇಡ ಎನ್ನಬೇಡಿ. ಹಾಗೆಂದ ಒಂದು ದೀಪಾವಳಿಯಲ್ಲಿ ನಮ್ಮ ಮನೆಗೆ ಒಂಬತ್ತು ಡಬ್ಬಿ ಧಾರವಾಡ ಪೇಡೆ ಬಂದು ಬಿದ್ದಿತ್ತು, ತರಕಾರಿಗೆ ಮಾತ್ರ ನಾನು ಸಂತೆಯ ದಿನ ಕಾಯಬೇಕಾಯಿತು. ಈಗ ಹುಬ್ಬಳ್ಳಿಯಿಂದ ಹಣ್ಣು, ಬ್ರೆಡ್ಡು, ಅಜ್ಜನ ಮಾತ್ರೆ ತನ್ನಿರೆಂದು ನೇರವಾಗಿ ಹೇಳುತ್ತೇನೆ, ತರುವವರೂ ಸಂತೋಷದಿಂದ ತರುತ್ತಾರೆ.

ಹೊರಡುವ ದಿನ ಗಡಿಬಿಡಿಯಾಗದಂತೆ ಉಡಿ ತುಂಬುವ ಸಾಮಾನನ್ನು, ಅಂದರೆ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ, ಅರಿಸಿನ ಕುಂಕುಮವನ್ನು, ಹಿಂದಿನ ರಾತ್ರಿಯೇ ತಟ್ಟೆಯಲ್ಲಿ ಜೋಡಿಸಿಡಿ. ಇನ್ನೆರಡು ದಿನ ಇರ್ರಿ ಎಂದು ಒಮ್ಮೆ ಹೇಳುವುದು ರೂಢಿ, ಮೂರು ಸಲ ಹೇಳಿದರೆ ರೈಲು ತಪ್ಪುತ್ತದೆ. ಕಟ್ಟಿಕೊಡುವ ಕಟಕ ರೊಟ್ಟಿ ಪೂರ್ತಿ ಆರಿರಬೇಕು. ಹತ್ತು ಹತ್ತರಂತೆ ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಳಗೆ ಒಂದೊಂದು ರಟ್ಟು ಇಟ್ಟು ದಾರದಿಂದ ಕಟ್ಟಿ, ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಮಲಗಿಸಿ ಇಡಿ. ನಿಲ್ಲಿಸಿ ತುರುಕಿದರೆ ದಾವಣಗೆರೆ ಬರುವಷ್ಟರಲ್ಲಿ ಅದು ಪುಡಿಯಾಗಿರುತ್ತದೆ. ಆಗಲೂ ಚೆಲ್ಲದೆ ಮೊಸರು, ಉಳ್ಳಾಗಡ್ಡಿ, ಶೇಂಗಾ ಚಟ್ನಿ ಕಲಸಿ ತಿನ್ನಿರೆಂದು ಹೇಳಿ ಕಳುಹಿಸಿ.