ಅರಮನೆಯವರು ಕಟ್ಟಿಸಿಕೊಟ್ಟ ಮನೆ, ಹೌದಾ?

ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಇರುವ ಕಥೆ ಒಂದೇ. ಮುತ್ತಾತ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಕುದುರೆ ಸವಾರರು, ಮೊದಲ ಮಹಾಯುದ್ಧದಲ್ಲಿ ಹೈಫಾ (ಈಗ ಇಸ್ರೇಲಿನಲ್ಲಿರುವ ಊರು) ಗೆದ್ದು ಬಂದರು, ಖುಷಿಯಾದ ನಾಲ್ವಡಿಯವರು ಊರಲ್ಲಿ ಈ ತೊಟ್ಟಿಮನೆ ಕಟ್ಟಿಸಿಕೊಟ್ಟರು. ಇದರಲ್ಲಿ ಎಷ್ಟು ನಿಜ ಅಂತ ನೋಡಲು ಹೊರಟೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಕಥೆ ಇದ್ದರೆ ನಾನು ಹುಡುಕಿದ ದಾರಿ ಉಪಯೋಗಕ್ಕೆ ಬಂದೀತು.

ಮೊದಲು ಪದಕ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಇದ್ದರೆ ಅದರ ಅಂಚು ನೋಡಿ. ನಂಬರ್, ಹುದ್ದೆ, ಹೆಸರು, ಪಡೆ ಎಲ್ಲ ಅಲ್ಲೇ ಅಚ್ಚಾಗಿರುತ್ತದೆ. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಸವೆದುಹೋಗುತ್ತದೆ. ಮೊಬೈಲ್ ಟಾರ್ಚ್ ಪಕ್ಕದಿಂದ ಹಿಡಿದು ಫೋಟೋ ತೆಗೆದರೆ ಸಾಕು. ಆ ಮೆಡಲ್ ಬೆಳ್ಳಿಯದು, ಕರಗಿಸಿ ಉಡುದಾರ ಮಾಡಿಸದೆ ನಮ್ಮವರು ಉಳಿಸಿದ್ದೇ ಪುಣ್ಯ. ಒಂದು ಕಡೆ ಐದನೇ ಜಾರ್ಜ್, ಇನ್ನೊಂದು ಕಡೆ ಮೈಮೇಲೆ ಬಟ್ಟೆಯಿಲ್ಲದ ಕುದುರೆ ಸವಾರ, ಜೊತೆಗೆ 1914, 1918 ಎಂಬ ಇಸವಿಗಳು. ಆ ಸವಾರರೇ ಮುತ್ತಾತ ಅಂತ ಚಿಕ್ಕವರಿದ್ದಾಗ ನಂಬಿದ್ದೆವು, ಬಟ್ಟೆ ಯಾಕಿಲ್ಲ ಅಂತ ಕೇಳಿದವರಿಗೆ ಅಜ್ಜಿಯಿಂದ ಬೈಗುಳ ಗ್ಯಾರಂಟಿ.

ಅಂಚಿನಲ್ಲಿ ಮೈಸೂರು ಲ್ಯಾನ್ಸರ್ಸ್ ಅಂತಲೇ ಇತ್ತು. ಹೆಸರು ಮಾತ್ರ ಗುಮಾಸ್ತನ ಕಿವಿಗೆ ಕೇಳಿಸಿದ ಹಾಗೆ. ಆಗಿನ ಇಂಗ್ಲಿಷ್ ಕಾಗದಗಳಲ್ಲಿ ಕೃಷ್ಣ ಕಿಸ್ಟ್ನ ಆಗುವುದು ಮಾಮೂಲು, ಹಾಗಾಗಿ ಒಂದೇ ಕಾಗುಣಿತ ಹಿಡಿದು ಹುಡುಕಿದರೆ ಏನೂ ಸಿಗುವುದಿಲ್ಲ.

ಹೈಫಾ ಕಾಳಗ ನಡೆದದ್ದು 1918ರ ಸೆಪ್ಟೆಂಬರ್ 23ರಂದು. ಊರೊಳಗೆ ನುಗ್ಗುವಾಗ ಮುಂದೆ ಇದ್ದವರು ಜೋಧ್‌ಪುರದವರು. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಅಲ್ಲಿದ್ದ ಫಿರಂಗಿಗಳನ್ನು ಹಿಡಿಯಿತು. ಅದೇನು ಚಿಕ್ಕ ಕೆಲಸವೇ? ಮೇಲಿಂದ ಗುಂಡು ಬೀಳುತ್ತಿದ್ದರೆ ಕೆಳಗಿನವರು ಕುದುರೆ ಓಡಿಸೋದು ಹೇಗೆ? ಆದರೆ ಪದಕ ಪಡೆಯ ಹೆಸರು ಹೇಳುತ್ತದೆಯೇ ಹೊರತು ಅವತ್ತು ಯಾವ ತುಕಡಿಯಲ್ಲಿದ್ದರು ಅಂತ ಹೇಳುವುದಿಲ್ಲ. ಆ ಜಾಗ ಖಾಲಿ ಬಿಟ್ಟೆ. ಯುದ್ಧದಲ್ಲಿ ತೀರಿಕೊಂಡವರಾಗಿದ್ದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಜಾಲತಾಣದಲ್ಲೋ ಬೆಂಗಳೂರಿನ ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕದಲ್ಲೋ ಹೆಸರು ಹುಡುಕಬಹುದು. ಬದುಕಿ ಬಂದವರನ್ನು ಹುಡುಕುವುದೇ ಜಾಸ್ತಿ ಕಷ್ಟ.

ಆದ್ದರಿಂದ ಮನೆಯ ಕಡೆ ತಿರುಗಿದೆ. ನನಗೆ ಅತಿ ಹೆಚ್ಚು ಸಿಕ್ಕಿದ್ದು ಇಲ್ಲೇ.

ಹಿಂದಿನ ಕೋಣೆಗಳಿಗೆ ಮಣ್ಣಿನ ಗೋಡೆ, ನಾಡಹೆಂಚು. ಮುಂದಿನ ಪಡಸಾಲೆಗೆ ಮಂಗಳೂರು ಹೆಂಚು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಾಗ ತಿರುಗಿಸಿ ನೋಡಿದರೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಅಚ್ಚು. ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದರಲ್ಲ, ಅವರಲ್ಲಿ ಜರ್ಮನರು ಇದ್ದರು ಅಂತ ಯುದ್ಧದ ಸಮಯದಲ್ಲಿ ಬ್ರಿಟಿಷ್ ಸರ್ಕಾರ ಅವರ ಉದ್ಯಮಗಳನ್ನು ಕೈಗೆ ತೆಗೆದುಕೊಂಡಿತು, ಯುದ್ಧ ಮುಗಿದ ಮೇಲೆ ಅವು ಈ ಕಾಮನ್‌ವೆಲ್ತ್ ಟ್ರಸ್ಟ್ ಕಂಪನಿಗೆ ಹೋದವು. ಮುತ್ತಾತ ಹೋರಾಡಿದ ಯುದ್ಧವೇ ನಮ್ಮ ಹೆಂಚಿನ ಮೇಲಿನ ಹೆಸರನ್ನೂ ಬದಲಾಯಿಸಿತ್ತು! ಹಾಗಾಗಿ ಪಡಸಾಲೆಯ ಸೂರು ಯುದ್ಧದ ನಂತರದ್ದು, ಹಿಂದಿನ ಭಾಗ ಅದಕ್ಕಿಂತ ಹಳೆಯದು. ಒಂದು ಹೆಂಚು ನೋಡಿ ತೀರ್ಮಾನ ಮಾಡಬೇಡಿ, ಒಡೆದಾಗ ಬೇರೆ ಹಾಕಿರುತ್ತಾರೆ. ಸಾಲುಸಾಲೇ ಒಂದೇ ಅಚ್ಚು ಇದ್ದರೆ ನಂಬಬಹುದು.

ಆಮೇಲೆ ಕಾಗದ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್), ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್) ಎಂಬ ಜಮೀನು ದಾಖಲೆ ಪುಸ್ತಕಗಳ ನಕಲಿಗೆ ಅರ್ಜಿ ಹಾಕಿದೆ. ಸರ್ವೆ ನಂಬರ್ ಗೊತ್ತಿಲ್ಲದೆ ಹೋದರೆ ಸುಮ್ನೆ ಅಲೆದಾಟ, ಪಹಣಿ ನೋಡಿ ಬರೆದುಕೊಂಡು ಹೋಗಿ. ಸೋದರತ್ತೆಯ ಟ್ರಂಕಿನಲ್ಲಿ ಅದಕ್ಕಿಂತ ಒಳ್ಳೆಯದು ಸಿಕ್ಕಿತು. ಜಮೀನು ಯುದ್ಧಕ್ಕೆ ಮುಂಚೆ ಭೋಗ್ಯಕ್ಕೆ ಹೋಗಿತ್ತು, ಮುತ್ತಾತ ಬಂದ ಮೇಲೆ ಹಣ ಕಟ್ಟಿ ಬಿಡಿಸಿಕೊಂಡರು ಅಂತ ಎರಡು ಪತ್ರಗಳು. ಅರಮನೆಯ ಹೆಸರು ಎಲ್ಲೂ ಇಲ್ಲ.

ಅತ್ತೆಯನ್ನು "ಹಳೇ ಕಥೆ ಹೇಳಿ" ಅಂದರೆ ಮಹಾರಾಜರಿಂದಲೇ ಶುರು ಮಾಡುತ್ತಿದ್ದರು. ಭೋಗ್ಯದ ಪತ್ರ ಕೈಗೆ ಕೊಟ್ಟು ಕೇಳಿದಾಗ ಬೇರೆಯೇ ಮಾತು ಬಂತು. "ಸಾಲ ತೀರಿಸೋಕೇ ಅಲ್ವಾ ಮಿಲ್ಟ್ರಿಗೆ ಸೇರಿದ್ದು, ಅದನ್ನ ಯಾರಾದ್ರೂ ಊರೆಲ್ಲ ಹೇಳ್ಕೊಂಡು ತಿರುಗ್ತಾರಾ!" ಸುಗ್ಗಿ ಮುಗಿದ ಮೇಲೆ ಊರಿಗೆ ಬಂದ, ಮನೆತನಗಳ ವಂಶಾವಳಿ ಬರೆದಿಟ್ಟು ಹೇಳುವ ಹೆಳವರ ಪುಸ್ತಕದಲ್ಲಿ ಮುತ್ತಾತನ ಅಣ್ಣತಮ್ಮಂದಿರ ಹೆಸರು, ನಮ್ಮವರು ಮೊದಲು ಇದ್ದ ಊರು ಸಿಕ್ಕಿತು. ಅವರಿಗೆ ಕೊಡುವ ದವಸ ಕೊಟ್ಟು, ಒಪ್ಪಿಗೆ ಕೇಳಿ, ಆ ಪುಟದ ಫೋಟೋ ತೆಗೆದುಕೊಂಡೆ.

ಸಂಬಳ ಉಳಿಸಿ ಸಾಲ ತೀರಿಸಿ ಪಡಸಾಲೆ ಕಟ್ಟಿದ ಮನುಷ್ಯ, ನನಗಂತೂ ರಾಜರಿಂದ ಮನೆ ಪಡೆದವರಿಗಿಂತ ದೊಡ್ಡವರಾಗಿ ಕಾಣುತ್ತಾರೆ. ಚಿಕ್ಕಪ್ಪ ಒಪ್ಪಿಲ್ಲ. "ಪತ್ರದಲ್ಲಿ ಇಲ್ಲದಿದ್ರೆ ಏನಂತೆ, ಮಹಾರಾಜರು ಬಾಯಿಮಾತಲ್ಲಿ ಕೊಟ್ಟಿರಬಹುದು" ಅನ್ನುತ್ತಾರೆ. ಅವರ ಮಾತನ್ನೂ ಹೇಳಿದವರ ಹೆಸರು, ತಾರೀಕಿನ ಸಮೇತ ಬರೆದಿಟ್ಟಿದ್ದೇನೆ, ಪತ್ರಗಳ ನಕಲಿನ ಪಕ್ಕದ ಪುಟದಲ್ಲೇ.