ಹಿನ್ನೀರಿಗೆ ಎಂಥ ಕಯಾಕ್? ನಾನು ಆರಿಸಿಕೊಂಡ ಬಗೆ

ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿ, ಕೊಳ್ಳುವ ಮುಂಚೆ ಬಾಗಲಕೋಟೆ ಜಿಲ್ಲೆಯ ಅನಗವಾಡಿ ಸೇತುವೆಯ ಆಚೀಚೆ ದಂಡೆಯ ಮೇಲೆ ಸುಮಾರು ಸಲ ಓಡಾಡಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಆಲಮಟ್ಟಿ ತುಂಬಿ, ಘಟಪ್ರಭೆಯ ಹಿನ್ನೀರು ಕಣ್ಣು ಹಾಯುವಷ್ಟು ದೂರ ಹರಡಿರುತ್ತದೆ. ಬೇಸಿಗೆಗೆ ಅದೇ ನೀರು ಹಿಂದೆ ಸರಿದು ಎರೆಮಣ್ಣಿನ ಕೆಸರು ಉಳಿಯುತ್ತದೆ. ಬೆಳಿಗ್ಗೆ ನೀರು ಅಲುಗುವುದಿಲ್ಲ, ಹೊತ್ತು ಏರಿದಂತೆ ಗಾಳಿ ಏಳುತ್ತದೆ. ಅಂಚಿನಲ್ಲೆಲ್ಲ ಜಾಲಿ ಕಂಟಿ. ಕ್ಯಾಟಲಾಗ್ ಬರೆದವರಿಗೆ ಇದ್ಯಾವುದೂ ಗೊತ್ತಿರುವುದಿಲ್ಲ, ಅಲ್ವಾ?

ಗಾಳಿ ತುಂಬುವ ಕಯಾಕ್ ಮೊದಲ ನೋಟಕ್ಕೇ ಇಷ್ಟವಾಗುತ್ತದೆ. ಮಡಚಿ ಕಾರಿನ ಡಿಕ್ಕಿಯಲ್ಲಿ ಇಡಬಹುದು, ಹೊರಲೂ ಹಗುರ. ಆದರೆ ನಮ್ಮ ಜಾಲಿಮುಳ್ಳು ಗಾಡಿಯ ಟೈರನ್ನೇ ಬಿಡುವುದಿಲ್ಲ. ಅದಕ್ಕೇ ಅದನ್ನು ಬಿಟ್ಟು ಗಟ್ಟಿ ಪ್ಲಾಸ್ಟಿಕ್ಕಿನದೇ ಬೇಕು ಅಂದುಕೊಂಡೆ.

ಅದರಲ್ಲಿ ಎರಡು ಬಗೆ. ಒಂದರಲ್ಲಿ ಕಾಲು ಒಳಗೆ ಚಾಚಿ ಗುಂಡಿಯಂಥ ಜಾಗದಲ್ಲಿ ಕೂರಬೇಕು. ಇನ್ನೊಂದರಲ್ಲಿ ಬೋಟಿನ ಮೇಲೇ ಕೂರುತ್ತೇವೆ, ಕೂರುವ ಜಾಗದಲ್ಲಿ ಆರ್‌ಪಾರ್ ತೂತುಗಳಿರುತ್ತವೆ. ಒಳಗೆ ಬಂದ ನೀರು ಆ ತೂತುಗಳಿಂದ ತಾನಾಗಿ ಇಳಿದು ಹೋಗುತ್ತದೆ. ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿ, ಕಾಳಿ ನದಿಯ ನಿಂತ ನೀರಿನಲ್ಲಿ, ಎರಡನ್ನೂ ಬಾಡಿಗೆಗೆ ತೆಗೆದುಕೊಂಡು ನೋಡಿದೆ. ಹುಟ್ಟು ಹಾಕಿ ನೋಡಿದ್ದಷ್ಟೇ ಅಲ್ಲ, ಲೈಫ್ ಜಾಕೆಟ್ ಬಿಗಿದುಕೊಂಡು, ಪಕ್ಕದಲ್ಲಿ ಕಲಿಸುವವರನ್ನು ನಿಲ್ಲಿಸಿಕೊಂಡು, ಬೇಕಂತಲೇ ಮಗುಚಿದೆ.

ಒಳಗೆ ಕೂರುವ ಕಯಾಕ್ ಮಗುಚಿದ ಕೂಡಲೇ ನೀರು ತುಂಬಿಕೊಂಡಿತು. ಅದನ್ನು ದಂಡೆಗೆ ಎಳೆದು, ಇಬ್ಬರು ಹಿಡಿದು ಬೋರಲು ಹಾಕಿ ಬಸಿಯಬೇಕಾಯಿತು. ಮೇಲೆ ಕೂರುವುದನ್ನು ನೀರಲ್ಲೇ ತಿರುವಿದೆ. ಪಕ್ಕದಿಂದ ಎರಡೂ ಅಂಚು ಹಿಡಿದು, ಮೈ ನೀರಿನ ಮಟ್ಟಕ್ಕೆ ಬರುವವರೆಗೆ ಕಾಲು ಬಡಿದು, ಎದೆಯನ್ನು ಅಡ್ಡಲಾಗಿ ಬೋಟಿನ ಮೇಲೆ ತಂದೆ. ಆಮೇಲೆ ಸೊಂಟ ಹೊರಳಿಸಿ ಕೂತೆ, ಕಾಲು ಕೊನೆಗೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಗುಣ ಇನ್ನೊಂದಿಲ್ಲ ಅಂತ ನನಗೆ ಅಂದೇ ಖಾತ್ರಿಯಾಯಿತು. ನಡು ನೀರಲ್ಲಿ ಒಬ್ಬರೇ ಮರಳಿ ಹತ್ತಲು ಬರದ ಬೋಟು ಎಷ್ಟೇ ಚಂದ ಇದ್ದರೂ ಬೇಡ.

ಅಗಲ ಮತ್ತು ಉದ್ದ ಜೊತೆಯಲ್ಲೇ ನೋಡಬೇಕು. ಸಮುದ್ರಕ್ಕೆ ಹೋಗುವ ಕಯಾಕ್ 22–24 ಇಂಚು ಅಗಲ ಇರುತ್ತದೆ. ಅದು ಜೋರಾಗಿ ಓಡುತ್ತದೆ, ಆದರೆ ಹೊಸಬರ ಕೆಳಗೆ ತೂಗಾಡುತ್ತದೆ. ನಾನು 31 ಇಂಚು ಅಗಲದ್ದು ತಗೊಂಡೆ, ಉದ್ದ ಹತ್ತೂವರೆ ಅಡಿ. ಒಂಬತ್ತು ಅಡಿಯದು ತಿರುಗಿಸಲು ಸಲೀಸು, ಆದರೆ ಪ್ರತಿ ಹುಟ್ಟಿಗೂ ಮೂತಿ ಅತ್ತಿತ್ತ ಹೊರಳುತ್ತದೆ. ಎದುರು ಗಾಳಿಯಲ್ಲಿ ಅದು ತೋಳಿಗೆ ಭಾರ. ಹನ್ನೆರಡು ಅಡಿಯದು ನೇರ ಹೋಗುತ್ತದೆ, ಸರಿ. ಆದರೆ ನನ್ನ ಕಾರಿನ ಕ್ಯಾರಿಯರ್‌ಗೆ ಅದು ಜಾಸ್ತಿಯಾಯಿತು. ಗಾಳಿ ಇರುವ ನೀರಿಗೆ ಹಿಂಬದಿ ಕೆಳಗೆ ಸಣ್ಣ ರೆಕ್ಕೆ ಇದ್ದರೆ ಒಳ್ಳೇದು.

ಹೊರುವ ತೂಕದ ಲೆಕ್ಕವನ್ನು ಹೊಸಬರು ಬಿಟ್ಟೇ ಬಿಡುತ್ತಾರೆ. 120 ಕಿಲೋ ಅಂತ ಬರೆದಿದ್ದರೆ ಅದು ತಾಳುವ ಕೊನೆಯ ಮಿತಿ. ಅದರ ಮೂರರಲ್ಲಿ ಎರಡು ಪಾಲು, ಅಂದರೆ 80 ಕಿಲೋ, ಹಾಕಿದರೆ ಮಾತ್ರ ಆರಾಮ. ನನ್ನ ತೂಕ, ಜಾಕೆಟ್, ನೀರಿನ ಬಾಟಲಿ, ಬ್ಯಾಗು ಸೇರಿದರೆ 85 ದಾಟುತ್ತದೆ. ಹಾಗಾಗಿ 130ಕ್ಕಿಂತ ಕಡಿಮೆ ಬರೆದ ಬೋಟುಗಳನ್ನು ಕೈಬಿಟ್ಟೆ. ತೂಕ ಹೆಚ್ಚಾದರೆ ಆ ತೂತುಗಳಿಂದಲೇ ನೀರು ಮೇಲೆ ಬಂದು ಸೀಟು ನೆನೆಯುತ್ತದೆ.

ಬೋಟಿನದೇ ತೂಕ 25 ಕಿಲೋ ಹತ್ತಿರ ಇದೆ. ರಸ್ತೆಯಿಂದ ನೀರಿಗೆ ಬೇಸಿಗೆಯಲ್ಲಿ ದೂರ ನಡೆಯಬೇಕು, ಎರೆಮಣ್ಣು ಕಾಲು ಬಿಡುವುದಿಲ್ಲ. ಅಂಗಡಿಯಲ್ಲಿ ಎತ್ತಿ ನಾಲ್ಕು ಹೆಜ್ಜೆ ನಡೆದು ನೋಡಿ, ಆಮೇಲೆ ದುಡ್ಡು ಕೊಡಿ.

ಹುಟ್ಟು 230 ಸೆಂಟಿಮೀಟರ್‌ನದು. ಅಗಲದ ಬೋಟಿಗೆ ಗಿಡ್ಡ ಹುಟ್ಟು ಹಾಕಿದರೆ ಗೆಣ್ಣು ಅಂಚಿಗೆ ತಾಗುತ್ತದೆ. ಅಲ್ಯುಮಿನಿಯಂ ಹಿಡಿ ನಮ್ಮ ಬಿಸಿಲಿಗೆ ಕಾಯುತ್ತದೆ, ಫೈಬರ್‌ದಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಹಳೆಯ ಬೋಟು ಕೊಳ್ಳುವವರು ಅದನ್ನು ಮಗುಚಿ ಹಾಕಿ, ತೂತುಗಳ ಸುತ್ತ ಬಿರುಕಿದೆಯಾ ಅಂತ ಬೆರಳಾಡಿಸಿ ನೋಡಲೇಬೇಕು. ಬಿಸಿಲಲ್ಲಿ ಬಿದ್ದ ಪ್ಲಾಸ್ಟಿಕ್ ಬಣ್ಣಗೆಟ್ಟು ಪೆಡಸಾಗಿರುತ್ತದೆ.

ಎಲ್ಲಿ ಇಳಿಯಬೇಕು ಅಂತ ಮಾತ್ರ ಮೀನು ಹಿಡಿಯುವವರನ್ನು ಕೇಳಿ. ಕೃಷ್ಣೆಯಲ್ಲಿ, ಅದರ ಹಿನ್ನೀರಿನಲ್ಲಿ ಮೊಸಳೆಗಳಿವೆ. ನನಗೊಬ್ಬ ಹಿರಿಯರು ಕೈಮಾಡಿ ತೋರಿಸಿ ಹೇಳಿದ್ದು ಹೀಗೆ: "ಅಲ್ಲಿ ಥರ್ಮಾಕೋಲ್ ತೇಲಾಕತ್ತೇತಲ್ರಿ, ಅದು ಬಲಿ. ಅದರಾಚೆ ಹೋಗಬ್ಯಾಡ್ರಿ. ಗಾಳಿ ಬಿಟ್ಟಿತಂದ್ರ ದಂಡಿ ಹಿಡೀರಿ." ನಾನು ಈಗಲೂ ಆ ಬಲೆಗಳ ಈಚೆಗೇ, ದಂಡೆ ಕಾಣುವಷ್ಟು ದೂರದಲ್ಲೇ ಹುಟ್ಟು ಹಾಕುತ್ತೇನೆ.